ಶ್ರಾವಣದಲ್ಲಿ ಹೆಣೆದ ಬಲೆ

ಈರುಳ್ಳಿ ತುಂಬಿ ಕೊಡುತ್ತಾರಲ್ಲ, ಕೆಂಪು ಪ್ಲಾಸ್ಟಿಕ್ ಬಲೆಯ ಚೀಲ, ಅದು ಖಾಲಿಯಾದ ಮೇಲೂ ನನ್ನ ಕೈ ಬಿಟ್ಟು ಹೋಗುವುದಿಲ್ಲ. ಮೊನ್ನೆ ದಾಂಡೇಲಿಯ ನಮ್ಮ ಅಡಿಗೆಮನೆಯಲ್ಲಿ ನಿಂತು ಅದರ ಕಣ್ಣಿನೊಳಗೆ ಬೆರಳು ತೂರಿಸಿ ನೋಡುತ್ತಿದ್ದೆ. ಒಂದು ಬೆರಳು ಹೋಯಿತು, ಎರಡನೆಯದು ಹೋಗಲಿಲ್ಲ. "ಭಾಳ ಸಣ್ಣ ಆತು" ಎಂದೆ, ಯಾರಿಗೂ ಅಲ್ಲ. ಹೊರಗಿನ ಕೋಣೆಯಲ್ಲಿ ಟೀವಿಯವನು ಕರಾವಳಿಗೆ ಒಂದರ ಬೆನ್ನಿಗೆ ಇನ್ನೊಂದು ಚಂಡಮಾರುತ ಬಂದ ಸುದ್ದಿಯನ್ನು ಉಸಿರುಗಟ್ಟಿ ಹೇಳುತ್ತಿದ್ದ. ನನ್ನ ಸೊಸೆ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕಾರಣವಿಲ್ಲದೆ ಯಾರೂ ಏನನ್ನೂ ಅಳೆಯುವುದಿಲ್ಲ ಎಂದು ನಂಬಿದವಳು. "ಏನ್ ಅಳ್ಯಾಕತ್ತೀರಿ ಅತ್ಯಾರ?" ಎಂದು ಕೇಳಿದಳು. ಉತ್ತರ ಹೇಳಲು ಬಾಯಿ ತೆರೆದೆ, ನಗು ಬಂತು. ಒಲೆಯ ಕಟ್ಟೆ ಹಿಡಿದುಕೊಂಡು ನಗುತ್ತ ನಿಂತ ಮುದುಕಿಯನ್ನು ನೋಡಿ ಆಕೆ ಮೊದಲು ಗ್ಯಾಸ್ ಆರಿಸಿದಳು, ಆಮೇಲೆ ನನ್ನನ್ನು ಕುರ್ಚಿಯ ಮೇಲೆ ಕೂರಿಸಿದಳು.

ನೀವೂ ಕೂತುಕೊಳ್ಳಿ. ಸಣ್ಣ ಕಥೆಯೇ, ಆದರೆ ನನಗೆ ನೆಟ್ಟಗೆ ಹೇಳಲು ಬರುವುದಿಲ್ಲ.

ನಾನು ಮುಂಡಗೋಡದಿಂದ ಹಳಿಯಾಳಕ್ಕೆ ಮದುವೆಯಾಗಿ ಬಂದು ಐದು ತಿಂಗಳಾಗಿತ್ತು. ಎಪ್ಪತ್ತರ ದಶಕದ ನಡುವಿನ ಮಾತು. ಆಮೇಲೆ ಅಣೆಕಟ್ಟೆಯಲ್ಲಿ ಮುಳುಗಿದ ಸೂಪಾ ಊರು ಇನ್ನೂ ನೀರಿನ ಮೇಲಿತ್ತು, ನನ್ನ ಸೊಂಟವೂ ಇನ್ನೂ ಸೊಂಟದ ಜಾಗದಲ್ಲಿತ್ತು. ಮಾವನವರದು ಪೇಟೆಯಲ್ಲಿ ಕಾಳುಕಡಿ, ಮೆಣಸಿನಕಾಯಿ, ಹಗ್ಗ, ಸುತಳಿಯ ಅಂಗಡಿ. ಅಂಗಡಿಯ ಹಿಂದೆ ಗೋದಾಮು, ಗೋದಾಮಿನ ಹಿಂದೆ ಮನೆ. ಬೆಳಿಗ್ಗೆ ಎದ್ದು ಲಿಂಗಪೂಜೆ ಮಾಡಿ ವಿಭೂತಿ ಹಚ್ಚಿಕೊಂಡು ಹೊರಬಿದ್ದರೆ ಮಾವನವರು ಮಾತಾಡುವುದು ತಕ್ಕಡಿಯ ಜೊತೆ ಮಾತ್ರ. ಅತ್ತೆ ಮಾತ್ರ ಇರುವೆಯ ಜೊತೆಗೂ ಮಾತಾಡುವವರು. ಸಕ್ಕರೆ ಡಬ್ಬಿಗೆ ಇರುವೆ ಹತ್ತಿದರೆ ಡಬ್ಬಿಯನ್ನು ಬಿಸಿಲಿಗಿಟ್ಟು, "ಹೋಗ್ರೆವಾ, ಮನಿಗೆ ಹೋಗ್ರಿ, ನಿಮ್ಮವ್ವ ಹಾದಿ ಕಾಯ್ತಿರ್ತಾಳ" ಎಂದು ಸಾಗಹಾಕುತ್ತಿದ್ದರು. ಹೊಸ ಸೊಸೆ ನಾನು, ಅವರು ಚೇಷ್ಟೆಗೆ ಹೇಳುತ್ತಾರೋ ನಿಜಕ್ಕೋ ತಿಳಿಯದೆ, ಇರುವೆಗಳಿಗೆ ನಾನೂ ಸೆರಗು ಹೊದ್ದು ಮರ್ಯಾದೆ ಕೊಡುತ್ತಿದ್ದೆ.

ಇಂಥ ಮನೆಯ ಅಂಗಡಿಗೆ ವಾರಕ್ಕೊಮ್ಮೆ ತುಳಸಾಬಾಯಿ ಬರುತ್ತಿದ್ದಳು. ಕಾರವಾರದ ಕಡೆ ಕಡಲ ದಂಡೆಯ ಒಂದು ಕೇರಿಯವಳು. ಒಣಮೀನಿನ ಬುಟ್ಟಿಗಳನ್ನು ಬಸ್ಸಿನ ತಲೆಯ ಮೇಲೆ ಹೇರಿ, ಅಣಶಿ ಘಟ್ಟ ಹತ್ತಿ, ನಮ್ಮೂರ ಸಂತೆಗೆ ಬಂದು, ಮಧ್ಯಾಹ್ನಕ್ಕೆಲ್ಲ ಮಾರಿ ಮುಗಿಸಿ, ಹೋಗುವಾಗ ನಮ್ಮಲ್ಲಿ ಜೋಳ, ಮೆಣಸಿನಕಾಯಿ ಒಯ್ಯುವಳು. ಆಕೆ ಬೀದಿಯ ತಿರುವಿನಲ್ಲಿ ಕಂಡ ಕೂಡಲೇ ಮಾವನವರು ಎರಡು ಊದಿನಕಡ್ಡಿ ಹಚ್ಚಿ ದುಡ್ಡಿನ ಗಲ್ಲೆಯ ಮೇಲೆ ಸಿಗಿಸುತ್ತಿದ್ದರು. ಬಹಳ ವರ್ಷದ ಪದ್ಧತಿಯಂತೆ ಅದು. ಆಕೆ ಮೆಟ್ಟಿಲ ಕೆಳಗೇ ನಿಂತು ಆ ಹೊಗೆಗೆ ಕೈ ಮುಗಿಯುತ್ತಿದ್ದಳು. ಪಾಪ, ಇಷ್ಟು ಭಕ್ತಿಯ ಹೆಂಗಸಿಗೆ ಆ ಹೊಗೆ ತನ್ನ ವಾಸನೆಗೆ ಅಂತ ಗೊತ್ತಿಲ್ಲವಲ್ಲ ಎಂದು ನನಗೆ ಮರುಕ.

ಇನ್ನೊಬ್ಬಳನ್ನು ಹೇಳಿಬಿಟ್ಟರೆ ಮಂದಿ ಮುಗಿಯಿತು. ಕತ್ರಿನಾಬಾಯಿ, ಸಾಂಬ್ರಾಣಿಯ ಹತ್ತಿರದ ಸಿದ್ದಿ ಹೆಂಗಸು, ನಮ್ಮ ಗೋದಾಮಿನಲ್ಲಿ ಕಾಳು ಹಸನು ಮಾಡುವ ಕೆಲಸಕ್ಕೆಲ್ಲ ಆಕೆಯೇ ಯಜಮಾನಿ. ಮಾವನವರೂ ಆಕೆಯನ್ನು ಕೇಳದೆ ಒಂದು ಚೀಲ ಅತ್ತಿತ್ತ ಸರಿಸುತ್ತಿರಲಿಲ್ಲ. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ಕನ್ನಡ, ಸಿಟ್ಟು ಬಂದರೆ ಮರಾಠಿ. ಹಳೆ ಸೀರೆಯ ತುಂಡುಗಳಲ್ಲಿ ಆಕೆ ಹೊಲಿದ ಕೌದಿಗಳನ್ನು ಹೊದ್ದೇ ನಮ್ಮ ಓಣಿಯ ಅರ್ಧ ಮಕ್ಕಳು ದೊಡ್ಡವಾಗಿದ್ದು. ತುಳಸಾಬಾಯಿಯ ಮೀನು ಮೊದಲು ಮುಟ್ಟುವುದು ಕತ್ರಿನಾಬಾಯಿಯ ಬುಟ್ಟಿಯನ್ನೇ. ಮಳೆಗಾಲದ ನಾಲ್ಕು ತಿಂಗಳು ಸಿದ್ದಿಗಳ ಕೇರಿಯ ಅನ್ನಕ್ಕೆ ಅದೇ ಜೊತೆ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಗಾಳಿ ಬಂತು. ಹಳಿಯಾಳದಲ್ಲಿ ನಮಗೆ ಸಿಕ್ಕಿದ್ದು ಅದರ ಬಾಲ ಮಾತ್ರ: ನಾಲ್ಕು ಮನೆಯ ಹಂಚು ಹಾರಿತು, ಊರ ಮಾವಿನಕಾಯಿಯೆಲ್ಲ ಒಂದೇ ಮಧ್ಯಾಹ್ನ ನೆಲಕ್ಕೆ ಬಿತ್ತು. ನಾವು ವಾರಗಟ್ಟಲೆ ಉಪ್ಪಿನಕಾಯಿ ಹಾಕಿದೆವು. ಮುಂದಿನ ಸಂತೆಗೆ ತುಳಸಾಬಾಯಿ ಖಾಲಿ ಬುಟ್ಟಿ ಹಿಡಿದು ಬಂದಳು, ಸೂರು ಹೋಯಿತು ಎಂದಳು, ಜೋಳ ಒಯ್ದಳು. ಮೂರು ವಾರ ಕಳೆದಿರಲಿಲ್ಲ, ಇನ್ನೊಂದು ಗಾಳಿ. ನಮಗೆ ಈ ಸಲ ಬೀಳಲು ಮಾವಿನಕಾಯಿ ಕೂಡ ಉಳಿದಿರಲಿಲ್ಲ. ಎರಡು ಸಂತೆಗೆ ತುಳಸಾಬಾಯಿಯ ಸುಳಿವಿಲ್ಲ. ಕತ್ರಿನಾಬಾಯಿ ಕಾಳು ಕೇರುವುದು ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ಬಂದಳು. ಅತ್ತೆ ಸಂತೆಯ ದಿನ ಮೂರು ಸಲ ಅಂಗಡಿಯ ಕಡೆ ಬಂದು ಹೋದರು.

ಮೂರನೆಯ ಸಂತೆಗೆ ಆಕೆ ಗಂಡನ ಜೊತೆ ಬಂದಳು. ಗಂಡನ ಬಲಗೈ ಕೊರಳಿಗೆ ಜೋತುಬಿದ್ದಿತ್ತು, ತೆಂಗಿನಮರ ಬಿದ್ದು ಮುರಿದಿತ್ತು. ಇಬ್ಬರ ನಡುವೆ ಒಂದು ಗೋಣಿಚೀಲ. ಮಾವನವರು ಅಭ್ಯಾಸಬಲದಿಂದ ಊದಿನಕಡ್ಡಿಗೆ ಕೈ ಹಾಕಿದವರು, ಆಕೆಯ ಮುಖ ನೋಡಿ ಕೈ ವಾಪಸು ತೆಗೆದರು.

"ಇವತ್ತ ಊದ್ಬತ್ತಿ ಇಲ್ಲೇನ್ರಿ ಸಾವ್ಕಾರ? ಮೀನ ಇಲ್ಲದ ಬಂದೇನಿ ಅಂತಾ?" ಎಂದಳು ತುಳಸಾಬಾಯಿ.

ಇಷ್ಟು ವರ್ಷ ಆಕೆಗೆ ಗೊತ್ತಿತ್ತು! ಮಾವನವರು ತಕ್ಕಡಿಯ ತಟ್ಟೆಯನ್ನು ಒರೆಸತೊಡಗಿದರು, ಒರೆಸಿದ್ದನ್ನೇ ಒರೆಸಿದರು. ನಾನು ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡೆ. ಆಕೆ ಮಾತ್ರ ಮಾತು ಮುಂದುವರಿಸಿದಳು. "ಮೊದಲ್ನೇ ಗಾಳಿಗೆ ಅಳು ಬಂತ್ರಿ. ಎರಡ್ನೇದಕ್ಕ ನಗು ಬಂತು. ಅದೇ ಗಾಳಿ, ಅದೇ ಮನಿ. ಸೂರು ಹೊಸಾದು, ಒಂಬತ್ತ ದಿನದ್ದು. ಹಾರುವಾಗ ಏನ ಚಂದ ಕಾಣ್ತಿತ್ತು! ಈಗ ಕಾಂಯ್ ನಾ." ಕಾಂಯ್ ನಾ ಅಂದರೆ ಏನೂ ಇಲ್ಲ. ಅದನ್ನು ಆಕೆ ಅಂಗೈ ಝಾಡಿಸಿ ಹೇಳಿದ ರೀತಿಗೆ ಕತ್ರಿನಾಬಾಯಿ ಅಳುತ್ತಲೇ ನಕ್ಕಳು.

ಆಕೆ ಬಂದದ್ದು ಒಂದು ಒಣ ಜಾಗ ಕೇಳಲು. ಅವರ ಕೇರಿಗೆಲ್ಲ ಸೇರಿ ಒಂದೇ ದೊಡ್ಡ ಬಲೆ, ರಂಪಣಿ ಬಲೆ. ದೋಣಿಯಲ್ಲಿ ಒಯ್ದು ಕಡಲಿಗೆ ಅರ್ಧಚಂದ್ರದ ಹಾಗೆ ಇಳಿಸಿ, ದಂಡೆಯಲ್ಲಿ ನಿಂತು ಕೇರಿಗೆ ಕೇರಿಯೇ ಎಳೆಯುವಂಥದ್ದು. ಪ್ರತಿ ಮನೆಯವರೂ ತಮ್ಮ ತಮ್ಮ ತುಂಡು ಹೆಣೆದು ತರಬೇಕು. ಶ್ರಾವಣದ ನೂಲಹುಣ್ಣಿಮೆಯ ದಿನ ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ತುಂಡುಗಳನ್ನೆಲ್ಲ ಜೋಡಿಸುತ್ತಾರೆ. ತುಂಡು ತಂದವರಿಗೆ ವರ್ಷವಿಡೀ ಮೀನಿನಲ್ಲಿ ಪಾಲು. ತರದವರಿಗೆ ಆ ವರ್ಷ ಪಾಲಿಲ್ಲ. ತುಳಸಾಬಾಯಿಯ ಹಳೆ ತುಂಡನ್ನು ಮೊದಲ ಗಾಳಿ ಒಯ್ದಿತ್ತು. ಮತ್ತೆ ಹೆಣೆಯಲು ಕೂತು ಅರ್ಧ ಮಾಡಿದ್ದನ್ನು ಎರಡನೆಯದು ಒಯ್ಯಿತು. ಕೇರಿಯಲ್ಲಿ ಎಲ್ಲರದೂ ಅದೇ ಗತಿ, ಯಾರ ಕೈಗೂ ಬಿಡುವಿಲ್ಲ. ಉಳಿದದ್ದು ಚೀಲದಲ್ಲಿದ್ದ ಹುರಿ ಒಂದೇ. ಅದು ತೊಯ್ದರೆ ಕೊಳೆಯುತ್ತದೆ, ಮನೆಗೆ ಸೂರಿಲ್ಲ. "ನಿಮ್ಮ ಗೋದಾಮಿನಾಗ ಒಂದ ಮೂಲಿ ಕೊಡ್ರಿ ಸಾವ್ಕಾರ. ಹುಣ್ಣಿಮಿ ತನಕ."

ಮಾವನವರು ಉತ್ತರಕ್ಕಾಗಿ ಒಳಬಾಗಿಲ ಕಡೆ ನೋಡಿದರು. ಅತ್ತೆ ಹೊರಬಂದು ಚೀಲದ ಬಾಯಿ ಬಿಚ್ಚಿದರು. ಹುರಿಯ ಒಂದು ಉಂಡೆ ತೆಗೆದು ಮೂಸಿ ನೋಡಿದರು. ಇಡೀ ಅಂಗಡಿ ಆ ಮೂಗನ್ನೇ ನೋಡುತ್ತಿತ್ತು. "ಇದು ಇನ್ನೂ ಮೀನಿನ ಮಾರಿ ಕಂಡಿಲ್ಲ. ಮಡಿನ ಐತಿ. ಒಳಗ ತರ್ರಿ" ಎಂದರು.

ಗೋದಾಮಿನ ಮೂಲೆಯಲ್ಲಿ ಆಕೆಯೊಬ್ಬಳೇ ಹೆಣೆದರೆ ಹುಣ್ಣಿಮೆಗಲ್ಲ, ದೀಪಾವಳಿಗೂ ಮುಗಿಯದು ಎಂದು ಎರಡೇ ದಿನದಲ್ಲಿ ಗೊತ್ತಾಯಿತು. ಮೊದಲು ಕತ್ರಿನಾಬಾಯಿ ಕೂತಳು. ಕೌದಿ ಹೊಲಿದ ಕೈ, ಒಂದು ಮಧ್ಯಾಹ್ನದಲ್ಲಿ ಗಂಟು ಕಲಿತಳು. ಆಮೇಲೆ ಅತ್ತೆ. ಅತ್ತೆ ಕೂತ ಮೇಲೆ ಓಣಿಯ ನಾಲ್ಕು ಮಂದಿ ಹೆಂಗಸರು ಸುಮ್ಮನೆ ನೋಡಲು ಬಂದು ಏಳಲಿಲ್ಲ. ನಾನು ಮಾತ್ರ ದೊಡ್ಡ ಜಂಬದಿಂದ ಕೂತೆ. ಮುಂಡಗೋಡದ ಟಿಬೆಟಿಯನ್ ಹೆಂಗಸರ ಹತ್ತಿರ ಸ್ವೆಟರ್ ಹೆಣೆಯಲು ಕಲಿತವಳು ನಾನು, ಬಲೆ ಯಾವ ಲೆಕ್ಕ! ಸಂಜೆಗೆ ನನ್ನ ಕೈಯಲ್ಲಿ ತಯಾರಾದದ್ದನ್ನು ತುಳಸಾಬಾಯಿಯ ಗಂಡ ಎಡಗೈಯಲ್ಲಿ ಎತ್ತಿ ಹಿಡಿದು ಬಹಳ ಹೊತ್ತು ನೋಡಿದ. ಆಮೇಲೆ ಅದರೊಳಗೆ ತನ್ನ ಮುರಿದ ಕೈಯನ್ನು ತೂರಿಸಿದ. ಸರಿಯಾಗಿ ಕೂತಿತು.

ಆ ಮನುಷ್ಯನಿಗೆ ಕನ್ನಡ ಬರುತ್ತಿರಲಿಲ್ಲ. ಜೋಳದ ಚೀಲದ ಮೇಲೆ ಕೂತು ನಮ್ಮ ಗಂಟುಗಳನ್ನು ನೋಡುತ್ತ "ಘಟ್ಟ್! ಘಟ್ಟ್!" ಎನ್ನುತ್ತಿದ್ದ. ಗಟ್ಟಿ ಎಳೆಯಿರಿ ಎಂದು. ತುಳಸಾಬಾಯಿಯ ಕನ್ನಡವೋ ಸಂತೆಯಲ್ಲಿ ಕಲಿತದ್ದು. ಆಕೆ ಗಂಟು ಹೇಳಿಕೊಟ್ಟರೂ ಚೌಕಾಸಿ ಮಾಡಿದಂತೆಯೇ ಕೇಳುತ್ತಿತ್ತು. "ಎರಡ ಸುತ್ತ ಹಾಕ್ರಿ. ಒಂದೂವರಿ? ಇಲ್ರೀ, ಗಿಟ್ಟಂಗಿಲ್ಲ, ಎರಡಂದ್ರ ಎರಡ." ತಿಳಿಯದಿದ್ದರೆ ಕೊಂಕಣಿಯಲ್ಲಿ ಕತ್ರಿನಾಬಾಯಿಗೆ ಹೇಳುವಳು, ಆಕೆ ನಮಗೆ ಕನ್ನಡದಲ್ಲಿ ಬೈದು ಹೇಳುವಳು. ಹೊರಗೆ ಮಳೆ ಹಂಚು ಒಡೆಯುವಂತೆ ಹೊಯ್ಯುತ್ತಿದ್ದರೆ ಒಳಗೆ ಆರು ಮಂದಿ ವಿಭೂತಿ ಹಚ್ಚಿಕೊಂಡ ಹೆಂಗಸರು, ಜೊತೆಗೆ ಕೊರಳಲ್ಲಿ ಶಿಲುಬೆ ಹಾಕಿದವಳೊಬ್ಬಳು, ಒಟ್ಟಾಗಿ "ಘಟ್ಟ್! ಘಟ್ಟ್!" ಎಂದು ಕೂಗುತ್ತ ಮೀನಿನ ಬಲೆ ಹೆಣೆಯುತ್ತಿದ್ದೆವು. ನನ್ನ ಮದುವೆಯಲ್ಲಿಯೂ ನಾನು ಅಷ್ಟು ನಕ್ಕಿರಲಿಲ್ಲ. ನನ್ನ ಯಜಮಾನರು ಈ ಮಾತನ್ನು ಇವತ್ತಿಗೂ ಮನಸ್ಸಿಗೆ ಹಚ್ಚಿಕೊಂಡಿದ್ದಾರೆ.

ಕೈ ಕುದುರಿದ ಮೇಲೆ ತುಳಸಾಬಾಯಿ ಸೂರು ಕಟ್ಟಿ ಬರುತ್ತೇನೆಂದು ಗಂಡನ ಜೊತೆ ಊರಿಗೆ ಹೊರಟಳು. ಹೋಗುವ ಮುಂಚೆ ಒಬ್ಬೊಬ್ಬರ ಕೈಗೂ ಎರಡು ಬೆರಳಗಲದ ಬಿದಿರಿನ ಪಟ್ಟಿ ಕೊಟ್ಟಳು. ಹೆಣೆಯುವಾಗ ಹುರಿಯನ್ನು ಅದರ ಮೇಲೆ ಸುತ್ತಿ ಗಂಟು ಹಾಕಿದರೆ ಎಲ್ಲ ಕಣ್ಣೂ ಒಂದೇ ಅಳತೆಗೆ ಬರುತ್ತವೆ. ಅತ್ತೆ ಪಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ ಕತ್ರಿನಾಬಾಯಿಗೆ, "ಆಕಿನ್ನ ಕೇಳು, ಇಷ್ಟ ಸಣ್ಣ ಕಣ್ಣಾದ್ರ ಕೂಸುಗಳೂ ಸಿಗತಾವೇನ?" ಎಂದರು.

ಕತ್ರಿನಾಬಾಯಿ ಕೇಳಿದಳು. ತುಳಸಾಬಾಯಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಲೆಗೆ ಬಂದದ್ದು ಬಂತು. ದೊಡ್ಡದು, ಸಣ್ಣದು, ಎಲ್ಲಾ ಬರ್ತಾವ" ಎಂದು ಸಂತೋಷದಿಂದಲೇ ಹೇಳಿ ಬಸ್ಸು ಹತ್ತಿದಳು. ಅತ್ತೆ ಅಂದು ಊಟ ಕಡಿಮೆ ಮಾಡಿದರು.

ಶ್ರಾವಣ ಹಿಡಿಯಿತು. ಮೊದಲ ಸೋಮವಾರ ಮಠದ ಅಯ್ಯನವರು ಮನೆಗೆ ಬಂದರು. ಪಾದಪೂಜೆ, ಪ್ರಸಾದ ಎಲ್ಲ ಆಯಿತು. ಹೊರಡುವಾಗ ಮಳೆ ಜೋರಾಗಿ, ಗೋದಾಮಿನ ಒಳಗಿಂದ ಹೋಗಬೇಕಾಯಿತು. ಬಲೆಯ ಮೇಲೆ ನಾವು ಹೊದಿಸಿದ ಕೌದಿ ಅರ್ಧ ಮೈಯನ್ನೂ ಮುಚ್ಚಿರಲಿಲ್ಲ. "ಇದೇನಪಾ?" ಎಂದರು ಅಯ್ಯನವರು. ಜನ್ಮದಲ್ಲಿ ಸುಳ್ಳು ಹೇಳದ ಮಾವನವರು "ಮೇವು ಕಟ್ಟೂ ಬಲಿರಿ" ಎಂದುಬಿಟ್ಟರು. ನಮ್ಮ ಮನೆಯಲ್ಲಿ ಒಂದು ಆಕಳ ಹೊರತು ಬೇರೆ ದನವಿರಲಿಲ್ಲ. ಅಯ್ಯನವರು ಬಲೆಯ ಉದ್ದವನ್ನು ನೋಡಿದರು, ಆಕಳನ್ನು ನೋಡಿದರು. "ಭಾಳ ತಿಂತೈತೇನು?" ಎಂದು ಕೇಳಿದರು. ಆಮೇಲೆ ಬಲೆಯ ಒಂದು ಅಂಚು ಎತ್ತಿ, "ಮೇವಿಗಂದ್ರ ಕಣ್ಣ ಇನ್ನಷ್ಟ ದೊಡ್ಡವಿರಲಿ. ಗಾಳಿ ಆಡಬೇಕು" ಎಂದು ಹೇಳಿ ಕೊಡೆ ಬಿಚ್ಚಿ ಹೋದರು.

ಅವರು ಹೋದ ಮೇಲೆ ಮಾವನವರು ಸುಳ್ಳಿನ ಪ್ರಾಯಶ್ಚಿತ್ತಕ್ಕೆ ಸಂಜೆಯ ಚಹಾ ಬಿಟ್ಟರು. ಅತ್ತೆಯ ಮುಖ ಮಾತ್ರ ಬೆಳಗಿತ್ತು.

ಮರುದಿನ ನಾನು ರೊಟ್ಟಿ ಬಡಿಯುತ್ತಿದ್ದೆ. ಅತ್ತೆ ಹತ್ತಿರ ಬಂದು ಕೂತು ಸೆರಗಿನಿಂದ ಒಂದು ಹೊಸ ಬಿದಿರಿನ ಪಟ್ಟಿ ತೆಗೆದರು. ಮೂರು ಬೆರಳಗಲವಿತ್ತು, ಈಳಿಗೆಯಲ್ಲಿ ಕೆತ್ತಿದ್ದು ಕಾಣುತ್ತಿತ್ತು. "ನಿನ್ನ ಮುಂದ ಅಷ್ಟ ಹೇಳ್ತೇನಿ. ಇವತ್ತಿನಿಂದ ನೀ ಇದರ ಮ್ಯಾಲೆ ಹೆಣಿ. ದೊಡ್ಡವು ಸಿಗಲಿ, ಆಕಿ ಹೊಟ್ಟಿ ತುಂಬಲಿ. ಸಣ್ಣ ಕೂಸುಗಳು ಹಾದು ಹೋಗಲಿ. ಯಾರ ಮುಂದನೂ ಬಾಯಿ ಬಿಡಬ್ಯಾಡ, ನಿನ್ನ ಗಂಡನ ಮುಂದನೂ." ಐದು ತಿಂಗಳಲ್ಲಿ ಅತ್ತೆ ನನಗೆ ಒಪ್ಪಿಸಿದ ಮೊದಲ ಗುಟ್ಟು ಅದು. ಡಬ್ಬಿಗಟ್ಟಲೆ ಬಂಗಾರ ಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ. ತುಳಸಾಬಾಯಿಯ ಪಾಲಿನ ಯೋಚನೆ ಒಂದು ಕ್ಷಣ ಬಂತು, ನಿಜ ಹೇಳಬೇಕು. ಒಬ್ಬಳ ಕೈಯ ಕೆಲಸ ಸ್ವಲ್ಪ ಸಡಿಲಾದರೆ ಅಷ್ಟು ದೊಡ್ಡ ಬಲೆಯಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಆ ದಿನದಿಂದ ಉಳಿದವರಿಗೆ ಕಾಣದಂತೆ ಗೋಡೆಯ ಕಡೆ ಮುಖ ಮಾಡಿ ಹೆಣೆದೆ. ಓಣಿಯ ಹೆಂಗಸರೂ ಒಬ್ಬೊಬ್ಬರು ಒಂದೊಂದು ಗೋಡೆಗೆ ತಿರುಗಿ ಕೂತಿದ್ದರು. ಮಳೆಯ ಇರಚಲು ತಪ್ಪಿಸಿಕೊಳ್ಳಲು ಅಂತ ನಾನು ತಿಳಿದೆ, ನೋಡಿ ನನ್ನ ಬುದ್ಧಿ!

ಹುಣ್ಣಿಮೆಗೆ ಮೂರು ದಿನವಿರುವಾಗ ತುಳಸಾಬಾಯಿ ಬಂದಳು. ಒಬ್ಬೊಬ್ಬರು ಹೆಣೆದ ಬಲೆಯ ಪಟ್ಟೆಗಳನ್ನು ಒಟ್ಟಿಗೆ ಕಟ್ಟಿ ಗೋದಾಮಿನ ತುಂಬ ಹಾಸಿದೆವು. ಎಷ್ಟು ಉದ್ದ! ಆಕೆ ಖುಷಿಯಿಂದ ಬಗ್ಗಿ ಒಂದು ಕಣ್ಣಿಗೆ ಎರಡು ಬೆರಳು ಹಾಕಿದಳು. ಮೂರನೆಯದನ್ನೂ ಹಾಕಿದಳು. ಅದೂ ಹೋಯಿತು. ನಾಲ್ಕು ಹೆಜ್ಜೆ ಮುಂದೆ ಹೋಗಿ ಮತ್ತೊಂದು ಕಡೆ ಹಾಕಿ ನೋಡಿದಳು. ಅಲ್ಲಿಯೂ ಮೂರು. ಇನ್ನೊಂದು ಕಡೆ ಇನ್ನೂ ಸಲೀಸಾಗಿ ಮೂರು. ಆಕೆ ತಲೆಯೆತ್ತಿ ನಮ್ಮನ್ನು ನೋಡಿದ ಕೂಡಲೇ ಐದು ಮಂದಿ ಒಂದೇ ಉಸಿರಿಗೆ "ತಪ್ಪ ನಂದ್ರೀ" ಎಂದೆವು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿದೆವು. "ನಿನ್ನ ಮುಂದ ಅಷ್ಟ" ಎಂಬ ಗುಟ್ಟು ಒಬ್ಬಳಿಗೆ ಭಾವಿಕಟ್ಟೆಯಲ್ಲಿ, ಒಬ್ಬಳಿಗೆ ಅರಿಷಿಣ ಕುಂಕುಮ ಕೊಡುವಾಗ, ಒಬ್ಬಳಿಗೆ ಹಪ್ಪಳ ಸುಡುವಾಗ ಸಿಕ್ಕಿತ್ತು. ಶುರುವಿನಲ್ಲಿ ಹೆಣೆದಷ್ಟು ಬಿಟ್ಟರೆ ಸರಿಯಾದ ಅಳತೆಯಲ್ಲಿದ್ದದ್ದು ಕತ್ರಿನಾಬಾಯಿಯ ಒಂದೇ ಒಂದು ಪಟ್ಟೆ. "ನನಗೂ ಹೇಳಿದ್ರು. ನಾ ಮೀನ ತಿನ್ನಾಕಿ, ನನ್ನ ಕಣ್ಣ ಸಣ್ಣನ ಇರಲಿ ಅಂದೆ" ಎಂದಳು ಆಕೆ. ಉಳಿದವರೆಲ್ಲ ಗೋಡೆ ನೋಡುತ್ತ ಹೆಣೆಯುವುದನ್ನು ಅಷ್ಟೂ ದಿನ ಕಂಡೂ ಆಕೆ ಬಾಯಿ ಬಿಟ್ಟಿರಲಿಲ್ಲ. ಅತ್ತೆಗೆ ಕೊಟ್ಟ ಮಾತು.

ಅತ್ತೆ ಮುಂದೆ ಬಂದರು. "ಇವರದೇನೂ ತಪ್ಪಿಲ್ಲ ತುಳಸಾಬಾಯಿ. ನಾ ಮಾಡಿಸಿದೆ. ಶ್ರಾವಣದಾಗ ಕೂಸುಗಳನ್ನ ಹಿಡಿಯೂ ಬಲಿ ಹೆಣಿಯಾಕ ನನ್ನ ಕೈಲೆ ಆಗಲಿಲ್ಲ."

ಮಾವನವರು ಅಂಗಡಿ ಬಿಟ್ಟು ಬಂದು ನಿಂತಿದ್ದರು. "ಆಕಿ ಹೊಟ್ಟಿ ಮ್ಯಾಲೆ ಹೊಡದಿ ನೀನು" ಎಂದರು. ಅವರು ಅತ್ತೆಗೆ ಏರುದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೆಣೆಯಲು ದಿನವಿಲ್ಲ, ಹುರಿ ಇಲ್ಲ. ಎರಡು ಗಾಳಿಯಿಂದ ಪಾರಾದ ಪಾಲನ್ನು ನಾವು ಕಳೆದಿದ್ದೆವು. ನನಗೆ ನೆಲದೊಳಗೆ ಹೂತುಹೋಗುವಷ್ಟು ನಾಚಿಕೆಯಾಯಿತು.

ತುಳಸಾಬಾಯಿ ಜೋಳದ ಚೀಲದ ಮೇಲೆ ಕುಸಿದು ಕೂತಳು. ಹೆಗಲು ಅಲುಗತೊಡಗಿತು. ಅಳುತ್ತಿದ್ದಾಳೆಂದು ಕತ್ರಿನಾಬಾಯಿ ಹತ್ತಿರ ಹೋದಳು. ಅಳುವಲ್ಲ! "ಎರಡ ಗಾಳಿ ಸಮುದ್ರದಿಂದ ಬಂದ್ವು ಗೋ ಬಾಯ. ಮೂರ್ನೇದು ಹಳಿಯಾಳದಿಂದ ಬಂತು!" ಎಂದು ಹೊಟ್ಟೆ ಹಿಡಿದುಕೊಂಡಳು. ಆಕೆ ಕಣ್ಣೊರೆಸಿಕೊಂಡು, ನಾವು ನಗಬೇಕೋ ಬೇಡವೋ ತಿಳಿಯದೆ ನಿಂತದ್ದನ್ನು ಕಂಡು ಮತ್ತೆ ನಕ್ಕಳು. ಆಮೇಲೆ ಎದ್ದು, "ಇದ್ದದ್ದು ಇದ. ಒಯ್ತೇನಿ. ಬಲಿ ಯಜಮಾನ ಏನಂತಾನೋ ನೋಡೂಣು" ಎಂದಳು.

ಆಕೆ ಬಸ್ಸು ಹತ್ತುವ ಮುಂಚೆ ಉಳಿದ ಒಂದು ದಿನ ನಾವು ಮಾಡಬಹುದಾದದ್ದು ಬಣ್ಣ ಒಂದೇ. ಮತ್ತಿ ಮರದ ಚಕ್ಕೆ ಕುದಿಸಿದ ನೀರಿನಲ್ಲಿ ಅದ್ದಿದರೆ ಬಲೆ ಬಾಳುತ್ತದಂತೆ. ನನ್ನ ಮದುವೆಯ ಅನ್ನ ಬೆಂದ ಹಂಡೆಯಲ್ಲಿಯೇ ಅತ್ತೆ ಚಕ್ಕೆ ಕುದಿಸಿದರು. ಯಾರೂ ಹೇಳದೆ ಎಲ್ಲರೂ ಮೊಣಕೈವರೆಗೆ ಇಳಿದು ಬಲೆ ತೋಯಿಸಿದೆವು. ಓಣಿಯ ಅಷ್ಟೂ ಹೆಂಗಸರ ಕೈ ಕೆಂಪಾಯಿತು; ಶ್ರಾವಣ ಮುಗಿಯುವ ತನಕ ಪೂಜೆಯ ಹೂವನ್ನು ಆ ಕೈಯಲ್ಲೇ ಏರಿಸಿದೆವು. ಬಸ್ಸಿನ ತಲೆಯ ಮೇಲೆ ಬಲೆ ಹೇರುವಾಗ ಅತ್ತೆ ಒಂದು ತೆಂಗಿನಕಾಯಿ ತಂದು ತುಳಸಾಬಾಯಿಯ ಉಡಿಗೆ ಹಾಕಿದರು. "ಸಮುದ್ರಕ್ಕ ನನ್ನದೂ ಒಂದ ಬಿಡು" ಎಂದರು.

ಒಂದು ಸಂತೆ ಹೋಯಿತು, ಎರಡು ಹೋಯಿತು. ಅತ್ತೆ ಎಲೆಯಡಿಕೆ ಬಿಟ್ಟರು. ಮೂರನೆಯದೂ ಹೋದ ಮೇಲೆ ಇರುವೆಗಳೊಡನೆ ಮಾತಾಡುವುದನ್ನೂ ನಿಲ್ಲಿಸಿದರು. ಅದು ಮಾತ್ರ ನನಗೆ ತಡೆಯಲಾಗದೆ, ಅವರ ಬದಲು ನಾನೇ ಇರುವೆಗಳಿಗೆ ಮನೆಗೆ ಹೋಗಲು ಹೇಳುತ್ತಿದ್ದೆ.

ನಾಲ್ಕನೆಯ ಸಂತೆಯ ದಿನ ಮಾವನವರು ಅಂಗಡಿಯಿಂದ "ಬಂದ್ಲು!" ಎಂದು ಕೂಗಿದ ದನಿಗೆ ತಕ್ಕಡಿಯೇ ಬೆಚ್ಚಿರಬೇಕು. ಬೀದಿಯ ತಿರುವಿನಲ್ಲಿ ತುಳಸಾಬಾಯಿ, ತಲೆಯ ಮೇಲೆ ತುಂಬಿದ ಬುಟ್ಟಿ. ವಾಸನೆ ಆಕೆಗಿಂತ ಮೊದಲೇ ಬಂತು. ನಮ್ಮ ಮನೆತನದಲ್ಲಿ ಆ ವಾಸನೆಗೆ ಯಾರಾದರೂ ಖುಷಿಪಟ್ಟದ್ದು ಅವತ್ತೊಂದೇ ದಿನ. ಅತ್ತೆ ಮೆಟ್ಟಿಲು ಇಳಿದು ಬೀದಿಗೇ ಹೋದರು.

ಬಲೆಯ ಯಜಮಾನ ತುಂಡು ನೋಡಿ ಬಹಳ ನಕ್ಕನಂತೆ. ನಡುವಿಗೆ ಇದು ಆಗುವುದಿಲ್ಲ ಎಂದನಂತೆ. ಆದರೆ ರಂಪಣಿಯ ಎರಡು ತುದಿಗಳಲ್ಲಿ ಯಾವಾಗಲೂ ಕಣ್ಣು ದೊಡ್ಡವೇ ಇರುತ್ತವೆ. ಆ ವರ್ಷ ತುದಿಯ ತುಂಡುಗಳೂ ಗಾಳಿಗೆ ಹೋಗಿ ಜಾಗ ಖಾಲಿಯಿತ್ತು. ಅಲ್ಲಿ ಕಟ್ಟಿದರು. ಪಾಲು ಉಳಿಯಿತು. "ಹಳಿಯಾಳದ ತುಂಡು ಅಂತ ಹೆಸರ ಬಿದ್ದೈತಿ" ಎಂದು ತುಳಸಾಬಾಯಿ ಗತ್ತಿನಿಂದ ಹೇಳಿದಳು. ಆಮೇಲೆ ಅತ್ತೆಯ ಕೈ ಹಿಡಿದು, "ನಿಮ್ಮ ಕೂಸುಗಳು ಎಲ್ಲಾ ಪಾರ ಆದ್ವು ಅವ್ವಾರ. ನಾ ನಿಂತ ನೋಡೇನಿ. ಬುಳುಬುಳು ಅಂತ ಹಾದು ಹೋದ್ವು" ಎಂದಳು.

ಅತ್ತೆ ಬೀದಿಯಲ್ಲೇ ಅತ್ತರು. ಮಾವನವರು ಮೂಗು ಮುಚ್ಚಿಕೊಳ್ಳದೆ ಪಕ್ಕದಲ್ಲಿ ನಿಂತಿದ್ದರು.

ಅಂದು ಮಧ್ಯಾಹ್ನ ಗೋದಾಮಿನಲ್ಲಿ ಕತ್ರಿನಾಬಾಯಿ ತೊಗರಿ ಕೇರುತ್ತ ಒಬ್ಬಳೇ ನಗುತ್ತಿದ್ದಳು. ಯಾಕೆಂದು ಕೇಳಿದೆ. "ತುದಿ ಬಲಿ ಮೀನ ಹಿಡಿಯಂಗೇ ಇಲ್ಲವಾ. ಅದು ಮೀನಿನ್ನ ಹೆದರಿಸಿ ನಡುವಿಗೆ ಓಡಿಸ್ತೈತಿ, ಅಷ್ಟ. ನಡುವ ಅದಾವಲ್ಲ ಕಣ್ಣ, ಅವು ಭಾಳ ಸಣ್ಣ. ಅಲ್ಲಿಂದ ಯಾವ ಕೂಸೂ ಪಾರಾಗಂಗಿಲ್ಲ" ಎಂದಳು. ಅಂದರೆ ಅತ್ತೆಯ ಬಲೆ ಒಂದು ಮರಿಯನ್ನೂ ಉಳಿಸಿರಲಿಲ್ಲ. ದನ ಅಟ್ಟಿದಂತೆ ಎಲ್ಲವನ್ನೂ ಒಳಗೆ ಅಟ್ಟಿತ್ತು. ತುಳಸಾಬಾಯಿ ಅತ್ತೆಯ ಮನಸ್ಸಿಗಾಗಿ ಸುಳ್ಳು ಹೇಳಿದ್ದಳು. ನಾನು ಅಲ್ಲೇ ತೀರ್ಮಾನಿಸಿದೆ, ಇದು ಅತ್ತೆಯ ಕಿವಿಗೆ ಬೀಳಬಾರದು.

ಬೀಳಗೊಡಲಿಲ್ಲ. ಅದು ಸುಲಭದ ಕೆಲಸವೆಂದು ತಿಳಿಯಬೇಡಿ. ಹನ್ನೆರಡು ವರ್ಷ, ಪ್ರತಿ ಶ್ರಾವಣದಲ್ಲೂ ಅತ್ತೆ ಆ ಮಾತು ತೆಗೆಯುತ್ತಿದ್ದರು. "ಆ ಕೂಸುಗಳು ಈಗ ದೊಡ್ಡವಾಗಿರಬೇಕು ಅಲ್ಲ?" "ಹೂಂರಿ, ಮದಿವಿನೂ ಆಗಿರಬೇಕು." "ಈಗ ಮುತ್ತಜ್ಜಂದಿರು ಆಗ್ಯಾರೇನೋ." "ಆಗ್ಯಾರ್ರಿ, ಬಿಳಿ ಮೀಸಿ ಬಂದಾವಂತ." ನಾವಿಬ್ಬರೂ ಅವುಗಳಿಗೆ ಹೆಸರಿಟ್ಟೆವು, ಹೆರಿಗೆ ಮಾಡಿಸಿದೆವು, ಜಗಳ ಹಚ್ಚಿ ರಾಜಿ ಮಾಡಿಸಿದೆವು. ನನ್ನ ಮಕ್ಕಳು ಆ ಮೀನುಗಳ ಸಂಸಾರ ಕೇಳುತ್ತ ಬೆಳೆದರು. ಎಂಥ ನಗು ನಗುತ್ತಿದ್ದೆವು!

ಎಂಬತ್ತರ ದಶಕದ ಕೊನೆಗೆ ಅತ್ತೆ ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿರುವಾಗ, ಅವರನ್ನು ನಗಿಸಲು, ಮೀನುಗಳು ನಿಮ್ಮನ್ನು ಕೇಳುತ್ತಿದ್ದವು ಎಂದೆ. ಅತ್ತೆ ನನ್ನ ಮೊಣಕೈ ಹಿಡಿದರು.

"ಒಂದ ಮಾತ ಹೇಳ್ತೇನಿ, ಬ್ಯಾಸರ ಮಾಡ್ಕೋಬ್ಯಾಡ. ಆ ಕೂಸುಗಳು ಯಾವೂ ಪಾರಾಗಿಲ್ಲವಾ. ಅವತ್ತ ಸಂಜಿಗೇ ಕತ್ರಿನಾಬಾಯಿ ನನಗ ಹೇಳಿದ್ಲು. ನೀ ಹೊಸಾಕಿ, ಅಷ್ಟ ಜೀವಾ ಹಚ್ಚಿ ಹೆಣದಿದ್ದಿ. ನಿನಗ ಹೆಂಗ ಹೇಳೂದು ಅಂತ ಸುಮ್ಮನಿದ್ದೆ."

ಗಂಜಿಯ ಬಟ್ಟಲು ನನ್ನ ಕೈಯಲ್ಲೇ ಉಳಿಯಿತು. ಹನ್ನೆರಡು ಶ್ರಾವಣ! ಅವರು ನನ್ನನ್ನು ಕಾಯುತ್ತಿದ್ದರು, ನಾನು ಅವರನ್ನು. ನನಗೂ ಗೊತ್ತಿತ್ತು ಎಂದು ಹೇಳಬೇಕೆಂದು ಬಾಯಿ ತೆರೆದೆ, ಹೇಳಲಿಲ್ಲ. "ಹೌದೇನ್ರಿ?" ಎಂದೆ, ಎಷ್ಟು ಆಶ್ಚರ್ಯ ಸಾಧ್ಯವೋ ಅಷ್ಟನ್ನೂ ಮುಖದ ಮೇಲೆ ತಂದುಕೊಂಡು. ಅತ್ತೆ ನನ್ನ ಕೆನ್ನೆ ತಟ್ಟಿ "ಅಳಬ್ಯಾಡ" ಎಂದರು. ನಾನು ಅಳುತ್ತಿದ್ದುದು ಮೀನಿಗಲ್ಲ.

ಮೊನ್ನೆ ಅಡಿಗೆಮನೆಯಲ್ಲಿ ಸೊಸೆಗೆ ಇದನ್ನೆಲ್ಲ ಹೇಳುತ್ತ ತುಳಸಾಬಾಯಿ ತುಂಬಿದ ಬುಟ್ಟಿ ಹೊತ್ತು ಬಂದು, ನಮ್ಮ ತುಂಡನ್ನು ಬಲೆಯ ತುದಿಗೆ ಕಟ್ಟಿದರೆಂದು ಹೇಳಿದಲ್ಲಿಗೆ ನಿಲ್ಲಿಸಿದ್ದೆ. ಈರುಳ್ಳಿಯ ಚೀಲವನ್ನು ಮಡಚುತ್ತ ಕೂತಿದ್ದೆ. ಟೀವಿಯವನು ಈಗ ಮುರಿದ ದೋಣಿಗಳನ್ನು ತೋರಿಸುತ್ತಿದ್ದ. ಆಕೆ ನೀರು ತಂದುಕೊಟ್ಟು, ನನ್ನ ಮುಂದೆ ಕೂತು, ಮೆಲ್ಲಗೆ ಕೇಳಿದಳು: "ಆ ಸಣ್ಣ ಮೀನು ಪಾರಾದ್ವೇನ್ರಿ ಅತ್ಯಾರ?"

"ಪಾರಾದ್ವು. ಒಂದೂ ಸಿಗಲಿಲ್ಲ" ಎಂದೆ.

ಆಕೆ ನನ್ನನ್ನು ಒಂದು ಗಳಿಗೆ ನೋಡಿದಳು. ಗಣಿತದವಳು, ಬಲೆಯ ತುದಿ ನಡುವಿನ ಲೆಕ್ಕ ಅಷ್ಟರಲ್ಲೇ ಮಾಡಿ ಮುಗಿಸಿರಬಹುದು. "ಛಲೋ ಆತ ಬಿಡ್ರಿ" ಎಂದು ನಕ್ಕಳು, ಎದ್ದು ಗ್ಯಾಸ್ ಹಚ್ಚಿದಳು.